ಸ್ಯಾನ್ ಹೋಸೆಯ ‘ದೆವ್ವದ ಬಂಗಲೆ’ಗೆ ಅವ್ವನನ್ನು ಕರೆದುಕೊಂಡು ಹೋಗಬಹುದಾ?

ಕೇಳಿದವರು: ಉಣಕಲ್ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿ, ಉಣಕಲ್ ಕೆರೆಯ ಹತ್ತಿರ ಮನೆ. ಅಕ್ಕ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾಳೆ. ಮುಂದಿನ ತಿಂಗಳು ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೊರಟಿದ್ದೇನೆ. ಅವ್ವನಿಗೆ 68 ವರ್ಷ. ಎರಡೂ ಮೊಣಕಾಲು ನೋವು. ವಿಮಾನ ಹತ್ತುವುದು ಇದೇ ಮೊದಲು. ವೀಸಾ ಆಯ್ತು, ಟಿಕೆಟ್ ಆಯ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುವ ಕೆಲಸವೂ ಶುರುವಾಗಿತ್ತು.

ಮೊನ್ನೆ ರವಿವಾರ ವಿಡಿಯೊ ಕಾಲ್‌ನಲ್ಲಿ ಅಕ್ಕನ ಮಗ ಒಂದು ಮಾತು ತೆಗೆದ. ಅವನಿಗೆ ಒಂಬತ್ತು ವರ್ಷ. ಅಜ್ಜಿ ಬಂದ ವಾರವೇ ವಿಂಚೆಸ್ಟರ್ ಮನೆ ನೋಡಲು ಹೋಗಬೇಕಂತೆ. ಅದು ದೆವ್ವದ ಮನೆಯಂತೆ. ಬಂದೂಕು ಮಾಡುತ್ತಿದ್ದ ಮನೆತನದ ವಿಧವೆ ಕಟ್ಟಿಸಿದ್ದಂತೆ. ಆ ಬಂದೂಕಿನಿಂದ ಸತ್ತವರೆಲ್ಲ ದೆವ್ವವಾಗಿ ಅವಳ ಬೆನ್ನು ಹತ್ತಿದ್ದರಂತೆ. ಮನೆ ಕಟ್ಟುವುದು ನಿಲ್ಲಿಸಿದರೆ ನೀನು ಸಾಯುತ್ತೀಯ ಎಂದು ಸತ್ತವರ ಜೊತೆ ಮಾತಾಡುವ ಒಬ್ಬ ಹೇಳಿದನಂತೆ. ಅದಕ್ಕೆ 38 ವರ್ಷ ಹಗಲು ರಾತ್ರಿ ಸುತ್ತಿಗೆ ಸದ್ದು ನಿಲ್ಲಲೇ ಇಲ್ಲವಂತೆ. ಹುಡುಗ ಖುಷಿಯಿಂದ ಹೇಳುತ್ತಲೇ ಇದ್ದ. ಅವ್ವ ಒಂದೂ ಮಾತಾಡಲಿಲ್ಲ. ಫೋನ್ ಇಟ್ಟ ಮೇಲೆ ಇಷ್ಟೇ ಅಂದಳು: “ಅಂಥಾ ಮನಿಗೆ ರೊಕ್ಕ ಕೊಟ್ಟು ಯಾಕ ಹೋಗಬೇಕಪಾ? ಸತ್ತೋರನ್ನ ಸುಮ್ಮನ ಬಿಡಬೇಕು.”

ಅವತ್ತಿನಿಂದ ಅವ್ವನ ಉತ್ಸಾಹ ಇಳಿದಿದೆ. ರಾತ್ರಿ ನಿದ್ದೆ ಸರಿ ಬರುತ್ತಿಲ್ಲ. ಮೊಮ್ಮಗನಿಗೆ ಇಲ್ಲ ಅನ್ನುವ ಮನಸ್ಸೂ ಅವಳಿಗಿಲ್ಲ. ಆ ಮನೆಗೆ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಒಳಗೆ ನಿಜಕ್ಕೂ ಹೆದರಿಸುವಂಥದ್ದು ಏನಾದರೂ ಇದೆಯಾ? ಮೊಣಕಾಲು ನೋವಿದ್ದವರು ಸುತ್ತಾಡಬಹುದಾ? ಆ ಕಥೆ ಎಷ್ಟು ನಿಜ?

ಉತ್ತರ: ಶಿರೂರ್ ಪಾರ್ಕ್ ಟು ಸನಿವೇಲ್

ಸರ್, ನಾನು ಅಲ್ಲಿಂದ ಅರ್ಧ ಗಂಟೆ ದೂರದಲ್ಲಿದ್ದೇನೆ. ಊರಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ ಅಭ್ಯಾಸ ಆಗಿದೆ. ಹಗಲಿನ ಟೂರ್‌ನಲ್ಲಿ ಹೆದರುವಂಥದ್ದು ಏನೂ ಇಲ್ಲ. ಗೈಡ್ ಜೊತೆ ಗುಂಪಾಗಿ ಹೋಗಬೇಕು. ಒಂದು ಗಂಟೆಗೆ ಸ್ವಲ್ಪ ಜಾಸ್ತಿ ಆಗುತ್ತದೆ. ಮನೆಯಲ್ಲಿ ಸುಮಾರು 160 ಕೋಣೆ ಇವೆ. ಎಲ್ಲವನ್ನೂ ತೋರಿಸಲ್ಲ. ಆದರೂ ನಿಲ್ಲೋದು, ನಡೆಯೋದು, ಹತ್ತಿ ಇಳಿಯೋದು ಇದೆ. ಓಣಿಗಳು ಕಿರಿದು. ಗಾಲಿಕುರ್ಚಿ ಒಳಗೆ ಬಿಡಲ್ಲ. ಅಮ್ಮನಿಗೆ ಒಳ್ಳೆ ಬೂಟು ಹಾಕಿಸಿ.

ಅಕ್ಟೋಬರ್ ಹೊತ್ತಿಗೆ, ಹ್ಯಾಲೊವೀನ್ ಅಂತ, ಬೇಕಂತಲೇ ಹೆದರಿಸುವ ರಾತ್ರಿ ಟೂರ್ ಇಡ್ತಾರೆ. ಅದಕ್ಕೆ ಮಾತ್ರ ಹೋಗಬೇಡಿ. ಟಿಕೆಟ್ ತಗೊಳ್ಳುವಾಗ ಯಾವ ಟೂರ್ ಅಂತ ಸರಿಯಾಗಿ ಓದಿ.

ಊರ ಹೊರಗೆ ಕಾಡಿನಲ್ಲಿರುವ ಮನೆ ಅಂದುಕೊಂಡಿರಬಹುದು. ಹಾಗಿಲ್ಲ. ದೊಡ್ಡ ರಸ್ತೆ ಮೇಲೇ ಇದೆ. ಎದುರಿಗೇ ಅಂಗಡಿ, ಹೋಟೆಲು ಎಲ್ಲಾ ಇರುವ ಸಾಂತಾನಾ ರೋ. ಹೊರಗೆ ಬಂದು ಐದು ನಿಮಿಷದಲ್ಲಿ ಕಾಫಿ ಕುಡಿಯಬಹುದು.

ಉತ್ತರ: ಹಾವೇರಿ ಏಲಕ್ಕಿ

ನನ್ನ ಅಭಿಪ್ರಾಯ ಬೇರೆ. ಅಮ್ಮನ ಮನಸ್ಸು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ ಅಣ್ಣ. ಕೆಲವು ಜಾಗದಲ್ಲಿ ಏನೋ ಇರುತ್ತದೆ. ನಾನು ಪುಣೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಪೇಶ್ವೆಗಳ ಹಳೇ ಅರಮನೆ ಶನಿವಾರ ವಾಡಾ ಹತ್ತಿರವೇ ರೂಮು ಇತ್ತು. 1773ರ ಆಗಸ್ಟ್ 30ರಂದು ಅಲ್ಲಿ ಪೇಶ್ವೆ ನಾರಾಯಣರಾವ್ ಅವರನ್ನು ಕಾವಲಿನ ಗಾರದಿಗಳೇ ಕೊಂದರು. ಆಗ ಅವರಿಗೆ ಬರೀ 18 ವರ್ಷ. “ಕಾಕಾ, ಮಲಾ ವಾಚವಾ” ಅಂತ ಚಿಕ್ಕಪ್ಪನ ಕಡೆ ಓಡಿದರಂತೆ. ಕಾಕಾ, ನನ್ನನ್ನು ಉಳಿಸು ಅಂತ. ಆ ಕೂಗು ಈಗಲೂ ರಾತ್ರಿ ಕೇಳುತ್ತದೆ ಅಂತ ಅಲ್ಲಿನವರು ಹೇಳುತ್ತಾರೆ. 1828ರ ಬೆಂಕಿಯಲ್ಲಿ ಒಳಗಿನ ಮಹಲುಗಳು ಸುಟ್ಟುಹೋಗಿವೆ. ಈಗ ಉಳಿದಿರೋದು ಗೋಡೆ, ಬಾಗಿಲು, ಪಾಯ. ಆದರೂ ಒಂದು ಸಂಜೆ ದಿಲ್ಲಿ ದರವಾಜಾದ ಕೆಳಗೆ ಒಬ್ಬಳೇ ನಿಂತಿದ್ದಾಗ ನನ್ನ ಎದೆ ಭಾರ ಆಯಿತು. ಕೂಗು ಕೇಳಿಸಲಿಲ್ಲ. ಆದರೆ ಅಲ್ಲಿ ನಿಲ್ಲೋಕೆ ಆಗಲಿಲ್ಲ. ಅದನ್ನು ನಾನು ಸುಳ್ಳು ಅನ್ನಲ್ಲ.

ದೊಡ್ಡವರ ಹೆದರಿಕೆಗೆ ಬೆಲೆ ಕೊಡಬೇಕು. ಇಷ್ಟೇ ನಾನು ಹೇಳೋದು.

ಉತ್ತರ: ಗದಗ ಅಕ್ಕೋರು

ತಮ್ಮಾ, ನಾನು ಗದಗಿನವಳು. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಮಗಳು ಸಾಂತಾ ಕ್ಲಾರಾದಲ್ಲಿದ್ದಾಗ ಆ ಮನೆಗೆ ಎರಡು ಸಲ ಹೋಗಿದ್ದೆ. ಮೊದಲ ಸಲ ಎಲ್ಲರಂತೆ ದೆವ್ವದ ಕಥೆ ಕೇಳಿಕೊಂಡು ಬಂದೆ. ಎರಡನೇ ಸಲ ಆ ತಾಯಿಯ ಬಗ್ಗೆ ಓದಿಕೊಂಡು ಹೋದೆ. ಅದೇ ಮನೆ, ಆದರೆ ಬೇರೆಯವರ ಮನೆಗೆ ಹೋದ ಹಾಗಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ. ಅವ್ವನಿಗೂ ಓದಿ ಹೇಳು.

ಮೊದಲು ಮೊಣಕಾಲಿನ ವಿಷಯ. ಆ ಮನೆಯಲ್ಲಿ ಒಂದು ಮೆಟ್ಟಿಲ ಸಾಲು ಇದೆ. 44 ಮೆಟ್ಟಿಲು, ಏಳು ತಿರುವು. ಒಂದೊಂದು ಮೆಟ್ಟಿಲೂ ಸುಮಾರು ಎರಡೇ ಇಂಚು ಎತ್ತರ. ನಮ್ಮ ಮನೆಗಳಲ್ಲಿ ಆರೋ ಏಳೋ ಇಂಚು ಇರುತ್ತದೆ ಅಲ್ವಾ? ದೆವ್ವಗಳಿಗೆ ದಾರಿ ತಪ್ಪಲಿ ಎಂದು ಹೀಗೆ ಕಟ್ಟಿಸಿದ್ದು ಎಂದು ನಮ್ಮ ಗುಂಪಿನಲ್ಲಿ ಯಾರೋ ಅಂದರು. ನಾನು ಕಂಬಿ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಎರಡನೆಯದು, ಮೂರನೆಯದು. ಕಾಲು ಮಡಚಬೇಕಾಗಲೇ ಇಲ್ಲ. ನೋಯಲಿಲ್ಲ. ಹತ್ತು ವರ್ಷದಿಂದ ನಾನು ನೋವಿಲ್ಲದೆ ಮಹಡಿ ಹತ್ತಿದ್ದು ಅದೊಂದೇ ಸಲ. ಇದನ್ನು ಕಟ್ಟಿಸಿದವಳಿಗೆ ಕೀಲುನೋವು ಇತ್ತು ಎಂದು ಯಾರೂ ಹೇಳದೆ ನನಗೆ ತಿಳಿಯಿತು. ಆಮೇಲೆ ಓದಿ ನೋಡಿದರೆ ಹೌದು. ಸಾರಾ ವಿಂಚೆಸ್ಟರ್ ಅವರಿಗೆ ಸಂಧಿವಾತ ಬಹಳ ಜೋರಾಗಿತ್ತು.

ಈಗ ಅವರ ಬಾಳು ಹೇಳುತ್ತೇನೆ. ಅಮೆರಿಕದ ಇನ್ನೊಂದು ತುದಿಯಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಎಂಬ ಊರಿನವರು. 1862ರಲ್ಲಿ ವಿಲಿಯಂ ವಿಂಚೆಸ್ಟರ್ ಜೊತೆ ಮದುವೆ. ಮಾವನದು ಬಂದೂಕಿನ ಕಾರ್ಖಾನೆ. 1866ರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು, ಹೆಸರು ಆ್ಯನಿ. ಹಾಲು ಮೈಗೆ ಹತ್ತಲಿಲ್ಲ. ಕೂಸು ಕೆಲವೇ ವಾರ ಬದುಕಿತು. ಮತ್ತೆ ಮಕ್ಕಳಾಗಲಿಲ್ಲ. 1880ರ ಕೊನೆಯಲ್ಲಿ ಮಾವ ತೀರಿಕೊಂಡರು. ಮೂರು ತಿಂಗಳೊಳಗೆ, 1881ರ ಮಾರ್ಚಿನಲ್ಲಿ, ಗಂಡನೂ ಹೋದರು. ಕ್ಷಯ. ಆ ರೋಗ ತರುವ ಕ್ರಿಮಿಯನ್ನು ಕಂಡುಹಿಡಿದಿದ್ದೇ ಮರುವರ್ಷ, 1882ರಲ್ಲಿ. ಅದಕ್ಕೆ ಸರಿಯಾದ ಔಷಧಿ ಬರಲು 1940ರ ದಶಕದವರೆಗೆ ಕಾಯಬೇಕಾಯಿತು. ಗಂಡ ಕೆಮ್ಮಿ ಕೆಮ್ಮಿ ಕರಗುವುದನ್ನು ನೋಡುತ್ತ ಕೂರುವುದು ಬಿಟ್ಟರೆ ಆಗ ಯಾರಿಗೂ ಬೇರೆ ದಾರಿ ಇರಲಿಲ್ಲ.

ಕೈಯಲ್ಲಿ ಬೇಕಾದಷ್ಟು ಹಣ ಇತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಬಂದರು. 1886ರಲ್ಲಿ ಎಂಟು ಕೋಣೆಯ, ಇನ್ನೂ ಪೂರ್ತಿಯಾಗದ ಒಂದು ತೋಟದ ಮನೆ ಕೊಂಡರು. ಅದನ್ನೇ ಬೆಳೆಸುತ್ತ ಹೋದರು. 1922ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಲೆಕ್ಕ ಹಾಕು ತಮ್ಮಾ, 36 ವರ್ಷ ಆಗುತ್ತದೆ. 38 ಅನ್ನೋದು ಕಥೆಯ ಲೆಕ್ಕ. ಹಗಲು ರಾತ್ರಿ ಕೆಲಸ ನಿಲ್ಲಲಿಲ್ಲ ಅನ್ನೋದೂ ಹಾಗೆಯೇ. ದಣಿವಾಗಿ ಕೆಲಸದವರನ್ನು ಬಿಟ್ಟು ಕಳಿಸಿದ್ದನ್ನು ಅವರೇ ಪತ್ರದಲ್ಲಿ ಬರೆದಿದ್ದಾರೆ. ಸತ್ತವರ ಜೊತೆ ಮಾತಾಡುವವನು ಹೇಳಿದ ಎನ್ನುವ ಮಾತಿಗೂ ಯಾವ ಆಧಾರ ಸಿಕ್ಕಿಲ್ಲ.

ಮತ್ತೆ ಎಲ್ಲಿಗೂ ಹೋಗದ ಬಾಗಿಲು, ಛತ್ತಿಗೆ ಹೋಗಿ ನಿಲ್ಲುವ ಮೆಟ್ಟಿಲು ಏನು ಅಂತ ಕೇಳಬಹುದು. ಅವು ಇವೆ. ಎರಡನೇ ಅಂತಸ್ತಿನ ಒಂದು ಬಾಗಿಲು ತೆರೆದರೆ ಕೆಳಗೆ ಬರೀ ತೋಟ. ಆದರೆ 1906ರ ಏಪ್ರಿಲ್ 18ರ ಭೂಕಂಪ ನೆನಪಿಡಬೇಕು. ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನೇ ನೆಲಕ್ಕೆ ಹಾಕಿದ ಭೂಕಂಪ ಅದು. ಈ ಮನೆ ಏಳು ಅಂತಸ್ತು ಇತ್ತು. ಮೇಲಿನ ಗೋಪುರ ಬಿತ್ತು. ಈಗ ಇರೋದು ನಾಲ್ಕು. ಬಿದ್ದಿದ್ದನ್ನು ಅವರು ಮತ್ತೆ ಎಬ್ಬಿಸಲಿಲ್ಲ. ಮುರಿದ ಭಾಗ ತೆಗೆಸಿ ಹಾಗೇ ಬಿಟ್ಟರು. ಆ ಕಡೆ ಕೋಣೆ ಇಲ್ಲದ ಮೇಲೆ ಬಾಗಿಲು ಎಲ್ಲಿಗೆ ಹೋಗಬೇಕು? ಮಳೆಗೆ ಅರ್ಧ ಬಿದ್ದ ವಾಡೆಗಳಲ್ಲಿ ಇಂಥ ಬಾಗಿಲು ನಾವು ಎಷ್ಟು ನೋಡಿಲ್ಲ. ಲಕ್ಕುಂಡಿಗೆ ಹೋಗುವ ದಾರಿಯಲ್ಲೇ ಒಂದೆರಡು ಸಿಗುತ್ತವೆ.

ನನಗೆ ಬಹಳ ಹಿಡಿಸಿದ್ದು ಗಿಡ ಇಡುವ ಕೋಣೆ. ಅವರಿಗೆ ಗಿಡ ಅಂದರೆ ಪ್ರಾಣ. ಆ ಕೋಣೆಯ ಮರದ ಹಲಗೆ ನೆಲವನ್ನು ಎತ್ತಬಹುದು. ಕೆಳಗೆ ಸತುವಿನ ತಗಡು ಹಾಸಿದ್ದಾರೆ. ಗಿಡಕ್ಕೆ ಹಾಕಿ ಹೆಚ್ಚಾದ ನೀರು ತಗಡಿನ ಮೇಲೆ ಹರಿದು ಹೊರಗಿನ ತೋಟಕ್ಕೆ ಹೋಗುತ್ತದೆ. ಒಂದು ತಂಬಿಗೆ ನೀರೂ ಹಾಳಾಗಬಾರದು ಎನ್ನುವ ಲೆಕ್ಕ. ಬೇಸಗೆಯಲ್ಲಿ ನೀರಿಗಾಗಿ ಕೊಡ ಸಾಲಿಗಿಟ್ಟು ಬೆಳೆದ ಗದಗಿನವಳು ನಾನು. ಅಲ್ಲಿ ತುಂಬ ಹೊತ್ತು ನಿಂತೆ. ಗುಂಪು ಮುಂದೆ ಹೋಗಿತ್ತು, ಮಗಳು ಬಂದು ಕರೆಯಬೇಕಾಯಿತು. ಕೀಲುನೋವು ಹೆಚ್ಚಾದ ಮೇಲೆ ಲಿಫ್ಟ್ ಕೂಡ ಹಾಕಿಸಿದ್ದಾರೆ. ಯಾವ ಕೋಣೆಯಲ್ಲಿ ಕರೆಗಂಟೆ ಒತ್ತಿದರು ಎಂದು ಆಳುಗಳಿಗೆ ತೋರಿಸುವ ಫಲಕ ಇದೆ. ಬಟ್ಟೆ ಉಜ್ಜುವ ಏಣುಗಳನ್ನು ತೊಟ್ಟಿಯಲ್ಲೇ ಕೂಡಿಸಿದ್ದಾರೆ. ಹೆದರಿ ತಲೆ ಕೆಟ್ಟವರು ಬಟ್ಟೆ ಒಗೆಯುವ ಹೆಣ್ಣುಮಗಳ ಬೆನ್ನು ನೋವಿನ ಬಗ್ಗೆ ಯೋಚಿಸುತ್ತಾರಾ?

ಇನ್ನೊಂದು ವಿಷಯ ಅವ್ವನಿಗೆ ತಪ್ಪದೆ ಹೇಳು. ಗಂಡನನ್ನು ತಿಂದ ಕ್ಷಯಕ್ಕಾಗಿಯೇ ಅವರು ತಮ್ಮ ಊರು ನ್ಯೂ ಹೇವನ್ ಪಕ್ಕದಲ್ಲೇ ಆಸ್ಪತ್ರೆ ಕಟ್ಟಲು ಹತ್ತು ಲಕ್ಷ ಡಾಲರಿಗಿಂತ ಜಾಸ್ತಿ ಕೊಟ್ಟರು. ಗಂಡನ ಹೆಸರಿನಲ್ಲಿ. ನೂರು ವರ್ಷದ ಹಿಂದಿನ ಹತ್ತು ಲಕ್ಷ ಡಾಲರ್ ಅದು. ಅಲ್ಲಿನ ಯೇಲ್ ವಿಶ್ವವಿದ್ಯಾಲಯದ ಶ್ವಾಸಕೋಶ ರೋಗದ ಚಿಕಿತ್ಸಾ ಕೇಂದ್ರಕ್ಕೆ ಇವತ್ತಿಗೂ ವಿಂಚೆಸ್ಟರ್ ಹೆಸರಿದೆ. ಆ ಬಂದೂಕು ಜನರನ್ನು ಕೊಂದಿದ್ದು ಸುಳ್ಳಲ್ಲ. ಹಣ ಬಂದಿದ್ದು ಅದರಿಂದಲೇ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಹಣ ಎಲ್ಲಿಗೆ ಹೋಯಿತು ಎನ್ನುವುದನ್ನೂ ಹೇಳಬೇಕು ಅಲ್ವಾ? ದೆವ್ವದ ಕಥೆ ಹೇಳುವವರು ಈ ಆಸ್ಪತ್ರೆಯ ಮಾತು ಎತ್ತುವುದನ್ನು ನಾನು ಹೆಚ್ಚು ಕೇಳಿಲ್ಲ.

ಈ ವಿಷಯದಲ್ಲಿ ನನಗೆ ಇಷ್ಟು ಸಂಕಟ ಯಾಕೆ ಅಂದರೆ, ಇದೇ ಕಥೆಯನ್ನು ನಾನು ನಮ್ಮ ಮನೆಯಲ್ಲಿ ಕಂಡಿದ್ದೇನೆ.

ನಮ್ಮ ದೊಡ್ಡವ್ವನನ್ನು ರೋಣ ತಾಲೂಕಿನ ಒಂದು ಹಳ್ಳಿಯ ವಾಡೆಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡರು. ಮಕ್ಕಳಿಲ್ಲ. ಮೈದುನರು ಹುಬ್ಬಳ್ಳಿಗೆ ಹೋಗಿ ಅಂಗಡಿ ಹಾಕಿದರು. ಬಂಕ, ಪಡಸಾಲೆ, ನಡುಮನೆ, ಹಗೇವು, ಎರಡು ಅಟ್ಟ, ಅಷ್ಟು ದೊಡ್ಡ ವಾಡೆಯಲ್ಲಿ ದೊಡ್ಡವ್ವ ಒಬ್ಬಳೇ. ಊರಲ್ಲಿ ಅದಕ್ಕೆ ದೆವ್ವದ ವಾಡೆ ಅಂತಲೇ ಹೆಸರು. ಎರಡು ಕಾರಣ ಹೇಳುತ್ತಿದ್ದರು. ಒಂದು, ನಡುರಾತ್ರಿ ಮಾಳಿಗೆಯ ಬೆಳಕಿಂಡಿಯಲ್ಲಿ ದೀಪ ಆ ಕಡೆಯಿಂದ ಈ ಕಡೆ ಓಡಾಡುತ್ತದೆ. ಇನ್ನೊಂದು, ಒಳಗಿನ ಪ್ರತಿ ಹೊಸ್ತಿಲ ಎರಡೂ ಬದಿಗೆ ಅವಳು ಒಂದೊಂದು ಪರಸಿ ಕಲ್ಲು ಹಾಕಿಸಿದ್ದಾಳೆ, ಅದರ ಕೆಳಗೆ ಏನೋ ಹೂತಿದ್ದಾಳೆ.

ನನಗೆ ಹನ್ನೊಂದು ವರ್ಷ ಇದ್ದಾಗ ದೀಪಾವಳಿ ರಜೆಗೆ ಅಲ್ಲಿ ಬಿಟ್ಟು ಬಂದರು. ಮೊದಲ ರಾತ್ರಿಯೇ ಎಚ್ಚರ ಆಯಿತು. ಟಕ್, ಟಕ್, ಟಕ್ ಅಂತ ಸದ್ದು. ಕಂಬದ ನೆರಳು ಗೋಡೆ ಮೇಲೆ ಸರಿಯುತ್ತಿತ್ತು. ಕೌದಿಯೊಳಗೆ ಮುಖ ಮುಚ್ಚಿಕೊಂಡೆ. ಸದ್ದು ಹತ್ತಿರ ಬಂತು. ಆಮೇಲೆ ಬಿಸಿ ಹರಳೆಣ್ಣೆ, ಬೆಳ್ಳುಳ್ಳಿ ವಾಸನೆ ಬಂತು. ಕೌದಿ ಸರಿಸಿ ನೋಡಿದರೆ ದೊಡ್ಡವ್ವ. ಒಂದು ಕೈಯಲ್ಲಿ ಕಂದೀಲು, ಇನ್ನೊಂದರಲ್ಲಿ ಕೋಲು. ನನ್ನ ಪಕ್ಕ ಗೋಡೆಗೆ ಒರಗಿ ನಿಧಾನ ಕುಳಿತಳು. “ಮಲಗಿದ್ರ ಕಾಲು ಕಟ್ಟಿಗಿ ಆಗ್ತಾವವಾ. ಅದಕ ರಾತ್ರಿಯೆಲ್ಲಾ ಅಡ್ಡ್ಯಾಡತೀನಿ. ನೀ ಅಂಜಬ್ಯಾಡ” ಅಂದಳು. ನಾನು ಅವಳ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ತೆಂಗಿನಕಾಯಿಯಷ್ಟು ಗಟ್ಟಿಯಾಗಿ ಬಾತಿತ್ತು. ಬೆಳಗ್ಗೆ ನೋಡಿದೆ. ವಾಡೆಯ ಹೊಸ್ತಿಲು ಒಂದೊಂದೂ ಮೊಳ ಎತ್ತರ. ಅವಳು ಮೊದಲು ಪರಸಿ ಕಲ್ಲಿನ ಮೇಲೆ ಕಾಲಿಟ್ಟು, ಆಮೇಲೆ ಹೊಸ್ತಿಲು ದಾಟಿ, ಆ ಕಡೆಯ ಕಲ್ಲಿನ ಮೇಲೆ ಇಳಿಯುತ್ತಿದ್ದಳು. ಅರ್ಧ ಮೆಟ್ಟಿಲು. ಅಷ್ಟೇ.

ಅವಳಿಗೆ ಊರಿನ ಮಾತು ಗೊತ್ತಿತ್ತು. ಯಾರಿಗೂ ಏನೂ ಹೇಳಲಿಲ್ಲ. ಸಾರಾ ವಿಂಚೆಸ್ಟರ್ ಕೂಡ ಹಾಗೇ. ಅವರು ಬದುಕಿದ್ದಾಗಲೇ ಪತ್ರಿಕೆಗಳು ಬಾಯಿಗೆ ಬಂದದ್ದು ಬರೆಯುತ್ತಿದ್ದವು. ಅವರು ಉತ್ತರ ಕೊಡಲಿಲ್ಲ. ದೊಡ್ಡವ್ವ ಹೋದ ಮೇಲೆ ವಾಡೆಗೆ ಯಾರೂ ಕಾಲಿಡಲಿಲ್ಲ. ಕೊನೆಗೆ ಬಾಗಿಲು, ಕಂಬ, ತೊಲೆ ಎಲ್ಲಾ ಮಾರಾಟವಾದವು. ಯಾರೋ ರಾತ್ರಿ ಬಂದು ಹೊಸ್ತಿಲ ಕಲ್ಲುಗಳನ್ನು ಅಗೆದು ನೋಡಿದ್ದರು. ನಾನು ಹೋಗಿ ನೋಡಿದಾಗ ಹನ್ನೆರಡು ಕುಣಿ ಇದ್ದವು. ಹನ್ನೆರಡರಲ್ಲೂ ಬರೀ ಮಣ್ಣು.

ಹಾವೇರಿ ತಂಗಿಗೆ ಒಂದು ಮಾತು. ನೀನು ಶನಿವಾರ ವಾಡಾದಲ್ಲಿ ಎದೆ ಭಾರ ಆಯಿತು ಅಂದೆಯಲ್ಲ, ಅದು ಸರಿಯೇ. ಅಲ್ಲಿ ನಿಜಕ್ಕೂ ಒಂದು ಹುಡುಗನ ಕೊಲೆ ಆಗಿದೆ. ಚಿಕ್ಕಪ್ಪ ರಘುನಾಥರಾವ್ ತಪ್ಪಿತಸ್ಥ ಎಂದು ನ್ಯಾಯಾಧೀಶ ರಾಮಶಾಸ್ತ್ರಿಗಳು ಎದುರಿಗೇ ಹೇಳಿದ್ದಾರೆ. ಆ ಕೂಗಿನ ಕಥೆ ಇರುವುದರಿಂದ ಜನ ಆ ಅನ್ಯಾಯವನ್ನು ಮರೆತಿಲ್ಲ. ಸ್ಯಾನ್ ಹೋಸೆಯ ಮನೆಯ ಕಥೆ ಹಾಗಲ್ಲ. ಅಲ್ಲಿ ಯಾರ ಕೊಲೆಯೂ ಆಗಲಿಲ್ಲ. ಮಗು ಕಳೆದುಕೊಂಡ, ಗಂಡನನ್ನು ಕಳೆದುಕೊಂಡ, ಕಾಲು ನೋವಿನ ಒಬ್ಬ ಹೆಣ್ಣುಮಗಳು ತನಗೆ ಬೇಕಾದಂತೆ ಮನೆ ಕಟ್ಟಿಸಿಕೊಂಡಳು. ದೆವ್ವದ ಕಥೆಯ ಹಿಂದೆ ಅವಳು ಕಾಣದಂತೆ ಆಗಿದ್ದಾಳೆ.

ತಮ್ಮಾ, ಅವ್ವನನ್ನು ಕರೆದುಕೊಂಡು ಹೋಗು. ಹೋಗುವ ಮುಂಚೆ ಇಷ್ಟನ್ನು ಹೇಳು. ದೆವ್ವದ ಮನೆಗೆ ಅನ್ನಬೇಡ. ಸಾರಾ ಅನ್ನೋರ ಮನೆಗೆ ಹೋಗೋಣ ಅನ್ನು.

ಉತ್ತರ: ಉಣಕಲ್ ದಂಡೆ

ಅಕ್ಕೋರೆ, ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ದೊಡ್ಡವ್ವನ ಭಾಗ ಎರಡು ಸಲ ಓದಿಸಿದಳು. ಹನ್ನೆರಡು ಕುಣಿ ಅಂದಾಗ ಕಣ್ಣು ಒರೆಸಿಕೊಂಡಳು. ಆಮೇಲೆ ಆ ಕೂಸಿನ ಹೆಸರು ಏನಂದಿ ಅಂತ ಕೇಳಿದಳು. ಆ್ಯನಿ ಅಂದೆ. ನನ್ನ ಮೇಲೆ ಅವ್ವನಿಗೆ ಇನ್ನೊಂದು ಕೂಸು ಹುಟ್ಟಿ ಹೋಗಿತ್ತು. ಅದರ ಬಗ್ಗೆ ಅವಳು ನಮ್ಮ ಹತ್ತಿರ ಮಾತಾಡಿದ್ದು ತೀರಾ ಕಡಿಮೆ. ಅವತ್ತು ಸಂಜೆ ಮಾತಾಡಿದಳು.

ಒಂದು ಕೇಳಬೇಕು. ಆಧಾರ ಇಲ್ಲ ಅಂದ ಮೇಲೆ ಈ ಕಥೆ ಇಷ್ಟು ವರ್ಷ ಹೇಗೆ ನಿಂತಿತು?

ಉತ್ತರ: ಗದಗ ಅಕ್ಕೋರು

ನಿಲ್ಲಿಸಿದ್ದು ಟಿಕೆಟ್, ತಮ್ಮಾ. ಅವರು ತೀರಿಕೊಂಡ ಮರುವರ್ಷ, 1923ರಲ್ಲಿ, ಮನೆಯನ್ನು ಬಾಡಿಗೆಗೆ ಪಡೆದ ಗಂಡ ಹೆಂಡತಿ ಅದನ್ನು ಜನರಿಗೆ ತೋರಿಸಲು ಶುರು ಮಾಡಿದರು. 1924ರಲ್ಲಿ ಜಾದೂಗಾರ ಹುಡಿನಿ ಬಂದು ನೋಡಿ ಹೋದ. ಹೆಸರು ಇನ್ನೂ ಹಬ್ಬಿತು. ಒಳಗಿನ ಸಾಮಾನು ಅಷ್ಟರಲ್ಲಿ ಇರಲಿಲ್ಲ. ಅದನ್ನು ತಂಗಿಯ ಮಗಳಿಗೆ ಬಿಟ್ಟಿದ್ದರು, ಅದು ಹರಾಜಾಗಿ ಹೋಯಿತು. ಈಗ ಅಲ್ಲಿ ಇಟ್ಟಿರುವ ಮಂಚ, ಕುರ್ಚಿ ಆ ಕಾಲದವು, ಆದರೆ ಅವರು ಕುಳಿತವಲ್ಲ. ಖಾಲಿ ಕೋಣೆಯಲ್ಲಿ ಮನುಷ್ಯರ ಗುರುತು ಇಲ್ಲದಿದ್ದರೆ ಕಥೆ ತುಂಬುವುದು ಸುಲಭ. ನ್ಯಾಯವಾಗಿ ಒಂದು ಮಾತು ಹೇಳಬೇಕು. ಎರಡನೇ ಸಲ ಸಿಕ್ಕ ಗೈಡ್ ಹುಡುಗಿ ಸಂಧಿವಾತ, ಭೂಕಂಪ ಎರಡನ್ನೂ ಚೆನ್ನಾಗಿ ಹೇಳಿದಳು.

ಅವ್ವನಿಗೆ ನನ್ನ ನಮಸ್ಕಾರ ಹೇಳು. ಮಾತಾಡಿದಳು ಅಂದೆಯಲ್ಲ, ಒಳ್ಳೆಯದಾಯಿತು.

ಉತ್ತರ: ಹಾವೇರಿ ಏಲಕ್ಕಿ

ಅಕ್ಕೋರೆ, ನೀವು ಹೇಳಿದ ವ್ಯತ್ಯಾಸ ನನ್ನ ತಲೆಗೆ ಹೊಳೆದಿರಲಿಲ್ಲ. ಗಾಳಿ, ಸೋಕು ಇದೆ ಅಂತ ನಾನು ಈಗಲೂ ನಂಬುತ್ತೇನೆ. ಆದರೆ ನಮ್ಮ ಓಣಿಯಲ್ಲಿ ಒಬ್ಬರ ಮನೆ ಇದೆ. ಸಣ್ಣವರಿದ್ದಾಗ ಅದರ ಮುಂದೆ ಓಡಿಕೊಂಡೇ ಹೋಗುತ್ತಿದ್ದೆವು. ಒಳಗೆ ಒಬ್ಬರು ಅಜ್ಜಿ ಇದ್ದರು. ಅವರ ಹೆಸರು ಏನಿತ್ತು ಅಂತ ಇವತ್ತು ನಮ್ಮ ತಾಯಿಗೆ ಫೋನ್ ಮಾಡಿ ಕೇಳಿದೆ.

ಉತ್ತರ: ಉಣಕಲ್ ದಂಡೆ

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ನಿನ್ನೆಯಷ್ಟೇ ಹುಬ್ಬಳ್ಳಿಗೆ ಬಂದೆವು.

ಹೋಗಿದ್ದೆವು. ಬೆಳಗಿನ ಟೂರ್. ಬಾಗಿಲಲ್ಲಿ ಅವ್ವ ಒಂದು ಕ್ಷಣ ನಿಂತಳು. ಚಪ್ಪಲಿ ಬಿಡಬೇಕಾ ಅಂತ ಕೇಳಿದಳು. ಬೇಡ ಅಂದ ಮೇಲೆ ಬಲಗಾಲು ಮುಂದಿಟ್ಟು ಒಳಗೆ ಬಂದಳು. ಮೊದಲ ಕೆಲವು ಕೋಣೆಯಲ್ಲಿ ನನ್ನ ತೋಳು ಬಿಗಿಯಾಗಿ ಹಿಡಿದಿದ್ದಳು. ಗಿಡದ ಕೋಣೆಯಲ್ಲಿ ಬಿಟ್ಟಳು. ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಅಂತ ಅಕ್ಕನ ಮೂಲಕ ಗೈಡ್‌ಗೆ ಕೇಳಿಸಿದಳು. ಗೈಡ್ ಕೈ ಮಾಡಿ ತೋರಿಸಿದರು. ಅವ್ವ “ಶಾಣ್ಯಾಕಿ” ಅಂದಳು. ಅಕ್ಕನ ಮಗ ಶಾಣ್ಯಾಕಿ ಅಂದರೆ ಏನು ಅಂತ ಕೇಳಿದ. ಜಾಣೆ ಅಂತ ಅವನಿಗೆ ಹೇಳಿದೆವು.

ಮೆಟ್ಟಿಲು ಬಂದಾಗ ಹುಡುಗ ತಿರುವು ಎಣಿಸಿದ, ಅವ್ವ ಮೆಟ್ಟಿಲು ಎಣಿಸಿದಳು. ಬಾಯಲ್ಲೇ ಒಂದೊಂದಾಗಿ, ನಿಲ್ಲದೆ, 44ರವರೆಗೆ. ಹುಡುಗ ಅಷ್ಟರಲ್ಲಿ ಎರಡು ಸಲ ಎಡವಿದ್ದ. ಅಷ್ಟು ಗಿಡ್ಡ ಮೆಟ್ಟಿಲು ಅವನ ಕಾಲಿಗೆ ಒಗ್ಗಲಿಲ್ಲ. ಮೇಲೆ ನಿಂತು ಅವ್ವ ಕಂಬಿ ಸವರುತ್ತ “ನೋಯಲಿಲ್ಲಲೇ” ಅಂದಳು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದಳು. ಆ ಮನೆಯಲ್ಲಿ ದೆವ್ವ ಇದೆಯಾ ಅಂತ ಮೊಮ್ಮಗ ಕಾರಿನಲ್ಲಿ ಕೇಳಿದ. “ಅಕಿಗೆ ಕಾಲು ನೋವು ಇತ್ತಪಾ, ನಿನ್ನ ಅಜ್ಜಿಗತೆ” ಅಂದಳು ಅವ್ವ. ಹುಡುಗ ಸುಮ್ಮನಾದ. ಆಮೇಲೆ ಮನೆ ತಲುಪಿದಾಗ ಕಾರಿನ ಬಾಗಿಲು ತೆಗೆದು ಅವ್ವನ ಕೈ ಹಿಡಿದು ಇಳಿಸಿದ.

ಅಕ್ಕೋರೆ, ನಮ್ಮ ಬಚ್ಚಲಮನೆಯ ಹೊಸ್ತಿಲು ಒಂದು ಗೇಣು ಎತ್ತರ ಇದೆ. ಇಷ್ಟು ವರ್ಷ ಅವ್ವ ಅದನ್ನು ಗೋಡೆ ಹಿಡಿದು ದಾಟುತ್ತಿದ್ದಳು. ನಾನು ನೋಡಿಯೂ ನೋಡಿರಲಿಲ್ಲ. ನಾಳೆ ಗೌಂಡಿ ಬರುತ್ತಾನೆ. ಎರಡೂ ಬದಿಗೆ ಪರಸಿ ಕಲ್ಲು ಹಾಕಿಸಬೇಕು. ಎಷ್ಟು ಎತ್ತರ ಇರಬೇಕು?

ಉತ್ತರ: ಗದಗ ಅಕ್ಕೋರು

ಗೇಣು ಅಂದರೆ ಎಂಟು ಒಂಬತ್ತು ಇಂಚು ಇರಬೇಕು. ಒಂದು ಕಲ್ಲು ಸಾಲದು. ಎರಡು ಹಂತ ಮಾಡಿಸು, ಒಂದೊಂದೂ ಮೂರು ಇಂಚು. ಅಗಲ ಮಾತ್ರ ಜಾಸ್ತಿ ಇರಲಿ, 12 ಇಂಚಿಗೆ ಕಡಿಮೆ ಬೇಡ, ಪೂರ್ತಿ ಪಾದ ಊರಬೇಕು. ಪಾಲಿಶ್ ಮಾಡಿದ ಕಲ್ಲು ಬೇಡ, ನೀರು ಬಿದ್ದರೆ ಜಾರುತ್ತದೆ. ಒರಟು ಮುಖ ಮೇಲೆ ಮಾಡಿ ಕೂಡಿಸಲು ಹೇಳು. ಗೋಡೆಗೆ ಒಂದು ಕಂಬಿ ಹಾಕಿಸು, ಅವ್ವನ ಸೊಂಟದ ಎತ್ತರಕ್ಕೆ. ಗೌಂಡಿ ಬಂದಾಗ ಅವ್ವನನ್ನೇ ನಿಲ್ಲಿಸಿ ಅಳತೆ ತೆಗೆಸು.